ಹೊಸ ಹಲ್ಲುಚಕ್ರ

೧೨ ಆಗಸ್ಟ್, ಮಂಗಳವಾರ

ಇವತ್ತೂ ಮಧ್ಯಾಹ್ನ ಮನೆಗೆ ಬಂದು ಮಗುವಿಗೆ ಹಾಲು ಕುಡಿಸಿ ನ್ಯಾಮತಿಯ ಶಾಲೆಗೆ ಮರಳುವಷ್ಟರಲ್ಲಿ ಗಂಟೆ ಹೊಡೆದಿತ್ತು. ಮತ್ತೆ ತಡವಾದರೆ ಕೆಲಸ ಬಿಡಿ ಎಂದರು ಹೆಡ್‌ಮಾಸ್ತರರು.

ಕೆರೆ ಏರಿಯಲ್ಲಿ ಇಳಿದು ತಳ್ಳುತ್ತೀಯಲ್ಲ ಎಂದು ನಮ್ಮನೆಯವರೇ ನನ್ನ ಎಲೆಕ್ಟ್ರಿಕ್ ಸೈಕಲ್ಲಿನ ಹಿಂದಿನ ಗಾಲಿಗೆ, ಮೋಟಾರಿನ ಚೈನು ಕೂರುವ ಹಲ್ಲುಚಕ್ರ ದೊಡ್ಡದು ಹಾಕಿಸಿದಾಗ, ಇಂಥ ಗಂಡ ಯಾರಿಗುಂಟು ಎಂದು ಓಣಿಗೆಲ್ಲ ಹೇಳಿದ್ದೆ. ಏರಿಯೇನೋ ಹತ್ತುತ್ತದೆ, ಸಮ ದಾರಿಯಲ್ಲಿ ಎಮ್ಮೆಯ ನಡಿಗೆ.

ಯಾಕಿಷ್ಟು ನಿಧಾನ ಎಂದು ಸಂಜೆ ಸೈಕಲ್ ಶಾಪಿನ ಜಂಪಣ್ಣನನ್ನು ಕೇಳಿದೆ.

"ಏರಿ ಹತ್ತಾಕೆ ಚಲೋ, ಸ್ಪೀಡ್ ಮಾತ್ರ ಸತ್ತೋಗುತ್ತೆ ಅಂತ ಅವತ್ತೇ ಅಂದೆ ಕಣಕ್ಕಾ. 'ಅದಕ್ಕೇ ಹಾಕಪ್ಪಾ, ದಿನಾ ತಡ ಆದ್ರೆ ತಾನಾಗೇ ಕೆಲ್ಸ ಬಿಡ್ತಾಳೆ' ಅಂತ ನಕ್ಕರು ನಿಮ್ಮೋರು."

ಊಟಕ್ಕೆ ಕೂತಾಗ ಇವರು, "ಈಗ ಏರಿ ಹೆಂಗೈತೆ?" ಎಂದರು.

"ಚಲೋ ಐತ್ರೀ" ಅಂದುಬಿಟ್ಟೆ. ಯಾಕೆ ಅಂದೆನೋ. ಇವರ ತಟ್ಟೆಗೆ ಇನ್ನೊಂದು ಮುದ್ದೆಯನ್ನೂ ಹಾಕಿದೆ, ನಾನೇ, ಕೈಯಾರೆ.