ನನ್ನ ಜೊತೆ ಯಾರ್ಯಾರಿದ್ದರು

ಮಾರ್ಚ್ ೧೧, ಮಂಗಳವಾರ

ಇವತ್ತೂ ಪೊಲೀಸರಿಗೆ ನನ್ನ ಫೋನಿನ ಪಾಸ್‌ವರ್ಡ್ ಹೇಳಲಿಲ್ಲ. ಗೋದಾಮಿನಿಂದ ಔಷಧಿ ಪೆಟ್ಟಿಗೆಗಳು ಕಳುವಾಗಿವೆ, ಬೀಗದ ಕೈ ಇದ್ದದ್ದು ನನ್ನ ಹತ್ತಿರ.

"ಈ ಕಳ್ತನದಲ್ಲಿ ನಿನ್ ಜೊತೆ ಯಾರ್ಯಾರಿದ್ರು? ಬಾಯ್ಬಿಡು!" ಎಂದು ಇನ್‌ಸ್ಪೆಕ್ಟರ್ ಮೇಜು ಗುದ್ದಿದರು.

"ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳ್ಬೇಕಾಗಿಲ್ಲ, ಅದು ನಿಮ್ಮ ಹಕ್ಕು," ಎಂದರು ವಕೀಲರು. ನನ್ನನ್ನು ಗಟ್ಟಿಗನೆಂದುಕೊಂಡಿದ್ದಾರೆ, ಪಾಪ.

ನಾಳೆ ಕೋರ್ಟ್ ಆದೇಶವಾದ ಮೇಲೂ ಹೇಳದಿದ್ದರೆ ಜೈಲು. ಹೇಳಿದರೆ ಬಿಡುಗಡೆ, ಅದೂ ಗೊತ್ತು. ನಾನು ಕದ್ದಿಲ್ಲ; ನನ್ನ ಜೊತೆ ಯಾರೂ ಇಲ್ಲವೆಂದು ಆ ಫೋನೇ ಸಾರುತ್ತದೆ. ಅದರಲ್ಲಿರುವುದು ನಾನು ನನಗೇ ಕಳಿಸಿಕೊಂಡ ಮೆಸೇಜುಗಳು ಮಾತ್ರ. ದಿನಾ ರಾತ್ರಿ, "ಊಟ ಆಯ್ತಾ?" ಕೆಳಗೆ ನಾನೇ, "ಆಯ್ತು. ನಿಂದು?" ಅದನ್ನು ಕೋರ್ಟಿನಲ್ಲಿ ಗಟ್ಟಿಯಾಗಿ ಓದುತ್ತಾರೆ. ಕಳ್ಳನೆನ್ನಿಸಿಕೊಳ್ಳುವುದೇ ವಾಸಿ.

ಫೋನ್ ಪೊಲೀಸರ ಬೀರುವಿನಲ್ಲಿದೆ. ಇವತ್ತು "ಊಟ ಆಯ್ತಾ?" ಅಂತಲೂ ಕೇಳುವವರಿಲ್ಲ. ತಟ್ಟೆ ಹಾಗೇ ಇದೆ.