ಟಿಯರ್ನಿಯ ಹಿಮ, ನಮ್ಮವರ ಧೂಳು

ಜುಬೈಲ್, ೧೪ ನವೆಂಬರ್ ೨೦೨೫, ಶುಕ್ರವಾರ

ಗೆದ್ದೆ! ನಾವಿಬ್ಬರೂ ಸಂಪಾದಿಸುತ್ತಿರುವ, ಐರಿಷ್ ಸಮಾಜವಾದಿ ಟಿಯರ್ನಿಯ ಬರಹಗಳ ಸಂಪುಟದಿಂದ ಆ ಸಹಿಯಿಲ್ಲದ ಲೇಖನವನ್ನು ಕೈಬಿಡಬೇಕೆಂದು ಡಬ್ಲಿನ್ನಿನ ಸಹಸಂಪಾದಕಿ ಮೇವ್ ಹಟ ಹಿಡಿದಿದ್ದಳು. ಹಳೆಯ ಬಂದರು ಮುಷ್ಕರವನ್ನು ನೆನೆದು ಬರೆದ ಲೇಖನ. ಮುಷ್ಕರ ನಡೆದದ್ದು ಜೂನ್‌ನಲ್ಲಿ. ಲೇಖನದಲ್ಲಿ ಹಿಮ ಸುರಿಯುತ್ತದೆ. ಮುಷ್ಕರದಲ್ಲಿ ಖುದ್ದು ನಿಂತಿದ್ದ ಟಿಯರ್ನಿ ಹಾಗೆ ಬರೆದಾನೆಯೇ, ಇದು ಅವನದಲ್ಲ ಎಂದು ಅವಳ ವಾದ.

ಮಧ್ಯಾಹ್ನ ಊಟಕ್ಕೆ ಬಂದ ಗೆಳೆಯ ಝಿಯಾವುದ್ದೀನ್‌ಗೆ ನಮ್ಮವರು ತಾವು ಜುಬೈಲಿಗೆ ಬಂದಿಳಿದ ಕತೆಯನ್ನು ಮತ್ತೆ ಹೇಳುತ್ತಿದ್ದರು.

"ಎಂತ ಧೂಳು ಮಾರಾಯ, ಎದುರಿಗಿದ್ದ ಬಸ್ಸೇ ಕಾಣ್ತಿರ್ಲಿಲ್ಲ!"

ಆ ದಿನದ ಫೋಟೋದಲ್ಲಿ ಆಕಾಶ ತೊಳೆದಿಟ್ಟಂತಿದೆ. ಆದರೂ ಪ್ರತಿ ಸಲ ಅದೇ ಧೂಳು. ಅಲ್ಲಿ ಇದ್ದವನೇ ಹೀಗೆ ತಪ್ಪುವುದು!

ಮೀನುಸಾರಿನ ಸೌಟನ್ನು ಅಲ್ಲೇ ಬಿಟ್ಟು ಓಡಿದೆ. ಟಿಯರ್ನಿ ಮುಪ್ಪಿನಲ್ಲಿ ಮಾಡಿದ, ಇನ್ನೂ ಅಚ್ಚಾಗದ ಭಾಷಣದ ಸ್ಕ್ಯಾನ್ ತೆರೆದೆ. ಕೆಳಗೆ ಅವನದೇ ಸಹಿ. ಅದೇ ಮುಷ್ಕರ, ಅದೇ ಹಿಮ!

ಕೂಡಲೇ ಕಳಿಸಿದೆ. ಮೇವ್ ಒಂದೇ ಸಾಲು ಉತ್ತರಿಸಿದಳು: ಲೇಖನ ಇರಲಿ, ಮೊದಲಿಗೇ ಇರಲಿ.

ಸಂಜೆ ನಮ್ಮವರು ಕೇಳಿದರು, "ಹಾಗಾದ್ರೆ ಅವತ್ತು ಹಿಮ ಬಿದ್ದದ್ದು ಹೌದಾ?"

"ಇಲ್ಲ. ನಿಮ್ಮ ಧೂಳೂ ಇರ್ಲಿಲ್ಲ."

ಫೋಟೋ ತೋರಿಸಿದರೂ ಒಪ್ಪಲಿಲ್ಲ. ಬೇಡ. ಟಿಯರ್ನಿಯೂ ಒಪ್ಪುತ್ತಿರಲಿಲ್ಲ.