ಧನುರ್ಮಾಸದಲ್ಲಿ ಬಂದ ಹುಂಜ

21 ಡಿಸೆಂಬರ್ 1988, ಬುಧವಾರ. ಹಿಂದೂಪುರ

ನಲ್ಲಿ ಬರಲಿಲ್ಲ. ಹಾಲಿನವನೂ ತಡ. ನಮ್ಮ ಯಜಮಾನರು ಮಾತ್ರ ಬೆಳಕು ಹರಿಯುವ ಮೊದಲೇ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತರು. ಯಾರದೋ ಮದುವೆ ಸೀರೆಯಂತೆ. ಸ್ವಂತ ಮಗಳು ನಾಲ್ಕು ವರ್ಷದ ಮೇಲೆ ಮನೆಗೆ ಬರುತ್ತಿದ್ದಾಳೆ — ಅದಕ್ಕೆ ತುಟಿಪಿಟಕ್ಕೆನ್ನಲಿಲ್ಲ.

ಪದ್ಮ ಆ ದೇವದಾನಂನನ್ನು ರಿಜಿಸ್ಟರ್ ಮದುವೆಯಾದ ದಿನ ಇವರು ಹೇಳಿದ್ದು: "ಆ ಕಿರಸ್ತಾನರ ಮನೆ ಹೊಸ್ಲು ನಾನೂ ತುಳಿಯಲ್ಲ, ನೀನೂ ತುಳೀಬ್ಯಾಡ." ತುಳಿಯಲಿಲ್ಲ. ಬಾಣಂತನಕ್ಕೂ ಹೋಗಲಿಲ್ಲ. ಅವಳಿರುವ ಕಲ್ಯಾಣದುರ್ಗವೇನು ಕಾಶಿಯೇ? ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟ ಅಲ್ಲಿ. ಟೀಚರಾಗಿದ್ದಾಗ ಸ್ಕೂಲಿನಲ್ಲಿ ನಾನು ಗದರಿಸಿದರೆ ಹೆಡ್‌ಮಾಸ್ತರೇ ನಡುಗುತ್ತಿದ್ದರು. ಮನೆಯಲ್ಲಿ ಮಾತ್ರ ಬಾಯಿಗೆ ಬೀಗ.

ಈ ಸಲ ನಾನೇ ಕರೆದೆ. ಕ್ರಿಸ್ಮಸ್ ಇಲ್ಲೇ ಮಾಡಿ ಅಂದೆ. ಪಕ್ಕದ ಪೋತಪ್ಪನ ಅಂಗಡಿಗೆ ಫೋನ್ ಮಾಡಿ ಪದ್ಮ ಹೇಳಿದಳು: "ಬತ್ತೀವಿ. ಬಂದ್ಮ್ಯಾಲೂ ಅಪ್ಪ ನಮ್ಮನೆಯವ್ರನ್ನ ಮಾತಾಡಿಸ್ಲಿಲ್ಲ ಅಂದ್ರೆ ಇನ್ಯಾವತ್ತೂ ಬರಲ್ಲ ಕಣಮ್ಮ." ಅವಳ ಹಟ ನನಗೆ ಗೊತ್ತು. ಅಪ್ಪನದೇ ಅಚ್ಚು.

23, ಶುಕ್ರವಾರ

ಬಂದರು. ಅಳಿಯನ ಒಂದು ಕೈಯಲ್ಲಿ ಸೂಟ್‌ಕೇಸ್, ಕಂಕುಳಲ್ಲಿ... ಜೀವಂತ ಹುಂಜ!

"ಬಿರಿಯಾನಿ ಮಾಡಾನ ಅತ್ತಮ್ಮ" ಎಂದು ಹಲ್ಲು ಬಿಟ್ಟ.

ಧನುರ್ಮಾಸ. ಬಾಗಿಲಲ್ಲಿ ರಂಗೋಲಿ, ಸಗಣಿ ಉಂಡೆಯ ಗೊಬ್ಬೆಮ್ಮ, ಅದರ ನೆತ್ತಿಗೆ ಕುಂಬಳದ ಹೂವು. ಈ ತಿಂಗಳು ನಮ್ಮಲ್ಲಿ ಮೊಟ್ಟೆಯೂ ಒಳಗೆ ಬರುವಂತಿಲ್ಲ. ಅವನಿಗೆ ತಿಳಿಯದು, ಸರಿ. ಇವಳು ಈ ಮನೆಯಲ್ಲೇ ಹುಟ್ಟಿದವಳಲ್ಲವೇ?

"ಮರ್ತ್‌ಬುಟ್ಟೆ ಕಣಮ್ಮ. ಈಗ ನಮ್ಗೆ ಡಿಸೆಂಬರ್ ಅಂದ್ರೆ ಕ್ರಿಸ್ಮಸ್ ಒಂದೇ."

ಎದೆಗೆ ಚುಚ್ಚಿತು. ಹಿತ್ತಲಲ್ಲಿ ನಾಯಿ ಕಾಟ, ಹುಂಜವನ್ನು ಮಗ್ಗದ ಕಂಬಕ್ಕೆ ಕಟ್ಟಿದರು.

ಮೊಮ್ಮಗಳು ಎಸ್ತೇರು. ಮೂರು ವರ್ಷ. ತನ್ನ ತಟ್ಟೆಯ ಅನ್ನವೆಲ್ಲ ಹುಂಜಕ್ಕೆ ಹಾಕಿತು. ಇವರು ಓರೆಗಣ್ಣಲ್ಲಿ ಮಗುವನ್ನೇ ನೋಡುತ್ತಿದ್ದರು. ಅಳಿಯ "ಚೆನ್ನಾಗಿದ್ದೀರಾ ಮಾವಯ್ಯ" ಅಂದ. ಇವರು ಲಾಳಿ ತಳ್ಳಿದರು. ಅಷ್ಟೇ.

24, ಶನಿವಾರ

ಸಾಕಾಗಿ ಹೋಯಿತು. ಊಟಕ್ಕೆ ಎರಡು ಪಂಕ್ತಿ. ಇವರು ಎದ್ದ ಮೇಲೆ ಅಳಿಯ ಕೂರಬೇಕು. ಸಾರು ಎರಡು ಸಲ ಬಿಸಿ ಮಾಡುವವಳು ನಾನು. "ಆ ಬಕೀಟು ಎತ್ತಿಡಾಕೆ ಹೇಳು" ಎಂದು ನನಗೆ ಅಪ್ಪಣೆ — ಅವನು ಮಾರು ದೂರದಲ್ಲಿ ನಿಂತಿದ್ದಾನೆ! ನಾನೇನು ಪೋಸ್ಟ್‌ಮನ್ನೇ?

ಅಳಿಯ ಕರೆಂಟಿನ ಲೈನ್‌ಮನ್. ಬಾಗಿಲಿಗೆ ಕಾಗದದ ನಕ್ಷತ್ರ ಕಟ್ಟಿ ಬಲ್ಬು ಹಾಕಿದ. ಸ್ವಿಚ್ ಒತ್ತಿದ. ಇಡೀ ಮನೆಯ ಫ್ಯೂಸ್ ಹೋಯಿತು. ಲೈನ್‌ಮನ್ನಂತೆ.

ಪದ್ಮ ನನ್ನೊಡನೆಯೂ ಮಾತು ಕಡಿಮೆ ಮಾಡಿದಳು. ಭಯವಾಗುತ್ತಿದೆ.

25, ಭಾನುವಾರ

ಬೆಳಿಗ್ಗೆ ಚರ್ಚಿಗೆ ಹೊರಟು ನಿಂತಿದ್ದರು. ಅಳಿಯ ಹೊಸ ಬಿಳಿ ಷರಟು. ಮಗು, ಹುಂಜವೂ ಚರ್ಚಿಗೆ ಬರಲಿ ಎಂದು ಹೋಗಿ ಹಗ್ಗ ಬಿಚ್ಚಿತು. ಹುಂಜ ನೆಗೆದದ್ದು ನೇರ ಮಗ್ಗದ ಹಾಸಿನ ಮೇಲಕ್ಕೆ. ಬಿಗಿದ ರೇಷ್ಮೆ ಎಳೆಗಳಲ್ಲಿ ಉಗುರು ಸಿಕ್ಕಿ, ಪಟಪಟ ಕಿತ್ತು...

ಇವರು ಗುಂಡಿಯೊಳಗಿಂದ ಅರಚಿದರು: "ಲೇ ದೇವದಾನಂ! ಹಿಡ್ಕೊಳ್ಲಾ! ರೆಕ್ಕೆ ಬ್ಯಾಡ, ಕಾಲು! ಕಾಲ್ ಹಿಡಿ!"

ಹೆಸರು ಗೊತ್ತಿತ್ತು ಹಾಗಾದರೆ!

ಅಳಿಯ ಹುಂಜದ ಸಮೇತ ಗುಂಡಿಗೆ ಬಿದ್ದ. ಮಗು ಚಪ್ಪಾಳೆ. ಪದ್ಮ ಅಳುತ್ತ ಬಟ್ಟೆ ಮಡಿಚತೊಡಗಿದಳು. ಇನ್ನು ಮುಗಿಯಿತು ಅಂದುಕೊಂಡೆ.

ಇವರು ಕಿತ್ತ ಎಳೆಗಳನ್ನು ನೋಡಿದರು. ಅಳಿಯನ ಕಡೆ ತಿರುಗಿದರು. "ಎದ್ದೆಲ್ಲಿಗೋಯ್ತೀಯ? ಕುತ್ಕೋ. ಈ ಎಳೆ ಹಿಡಿ. ಎಳೀಬ್ಯಾಡ, ಇದೇನ್ ಕರೆಂಟ್ ವೈರಾ?"

ಪದ್ಮ ಮಗುವನ್ನು ಕರೆದುಕೊಂಡು ಚರ್ಚಿಗೆ ಹೋಗಿ ಬಂದರೂ ಎಳೆ ಕೂಡಿಸುವುದು, ಬೈಯುವುದು ನಡೆದೇ ಇತ್ತು. ನನ್ನ ಒಬ್ಬಟ್ಟು ತಣ್ಣಗಾದವು.

"ಇದು ಮಾತಾಡ್ಸಿದಂಗಾಯ್ತೇನಮ್ಮ?" ಪದ್ಮ ಪಿಸುಗುಟ್ಟಿದಳು.

"ಬೈಯೋದೂ ಮಾತೇ ಕಣೆ. ನನ್ನ ಜೊತೆ ಇಷ್ಟು ವರ್ಷ ಇನ್ನೇನು ಆಡಿದ್ದಾರೆ?"

28, ಬುಧವಾರ. ಸಂಜೆ

ಬೆಳಿಗ್ಗೆ ಅವರೆಲ್ಲ ಹೊರಟರು. ಹುಂಜವೂ. ಧನುರ್ಮಾಸವಿಲ್ಲದಿದ್ದರೂ ಕೊಯ್ಯಲು ಮಗು ಬಿಡುತ್ತಿರಲಿಲ್ಲ. ಇವರು "ಬಸ್‌ಸ್ಟ್ಯಾಂಡ್ ತಂಕ ಹೋಗ್ಬತ್ತೀನಿ" ಎಂದು ಸೂಟ್‌ಕೇಸ್ ಎತ್ತಿಕೊಂಡರು.

ಮಧ್ಯಾಹ್ನವಾಯಿತು. ಬರಲಿಲ್ಲ. ಅನ್ನ ಆರಿತು. ಎಲ್ಲಿ ಬಿದ್ದರೋ, ಯಾರಿಗೆ ಏನಾಯಿತೋ ಎಂದು ಬೀದಿ ಬಾಗಿಲಿಗೂ ಒಲೆಗೂ ಅಲೆದೆ. ಈಗ ಪೋತಪ್ಪ ಬಂದ.

"ರಾಮಕ್ಕ ಟೀಚರೇ, ಟ್ರಂಕ್ ಕಾಲ್ ಬಂದಿತ್ತು. ಯಜಮಾನ್ರು ಕಲ್ಯಾಣದುರ್ಗದಾಗವ್ರಂತೆ, ಮಗಳ ಮನ್ಯಾಗೆ. ಮಗು ಕೈ ಬಿಡ್ಲಿಲ್ವಂತೆ, ಬಸ್ ಹತ್‌ಬುಟ್ರಂತೆ. ನಾಕ್ ದಿನ ಇದ್ದು ಬತ್ತಾರಂತೆ."

"ನನಗೇನು ಹೇಳಿದರು?"

"ಮಗ್ಗಕ್ಕೆ ಬಟ್ಟೆ ಹೊದಿಸ್‌ಬೇಕಂತೆ."

ಮಗ್ಗಕ್ಕೆ ಬಟ್ಟೆ! ನಾಲ್ಕು ವರ್ಷ ನನಗೆ ತುಳಿಯಬೇಡ ಎಂದ ಹೊಸ್ತಿಲು. ಬಾಣಂತಿಯನ್ನು ಒಂದು ಸಲ ನೋಡಿ ಬರುತ್ತೇನೆ ಎಂದು ಕೈಮುಗಿದಿದ್ದೆ, ಆಗಲೂ ಕರಗಲಿಲ್ಲ. ಈಗ ತಾವು ಮಾತ್ರ ಹೋಗಿ ಮಗಳ ಕೈಯೂಟ ಮಾಡುತ್ತ ಕೂತಿದ್ದಾರೆ. ನನ್ನನ್ನು ಒಂದು ಮಾತು ಕೇಳಿದರೇ? ಸಂತೋಷವೂ ಆಯಿತು, ಸುಳ್ಳೇಕೆ. ಅದಕ್ಕಿಂತ ಹೆಚ್ಚು ಉರಿದುಹೋಯಿತು. ಹೊದಿಸುವುದಿಲ್ಲ. ಧೂಳು ಕೂರಲಿ.

ಎರಡು ಸೀರೆ ಬ್ಯಾಗಿಗೆ ಹಾಕಿದ್ದೇನೆ. ಬೆಳಿಗ್ಗೆ ಮೊದಲ ಬಸ್ಸಿಗೆ ನಾನೂ — ಪೋತಪ್ಪ ಅಂಗಡಿಯಿಂದ ಕೂಗುತ್ತಿದ್ದಾನೆ. ಈಗಲೇ ಒಂದು ಬಸ್ಸಿದೆಯಂತೆ, ಆರೂವರೆಗೆ. ಗಡಿಯಾರದಲ್ಲಿ ಆಗಲೇ ಆರೂಕಾಲು. ಹೊರಟೆ —